ಪುಸ್ತಕದ ಗಂಟು ಹೊತ್ತ ಗಳಗನಾಥರು

ಮಳವಳ್ಳಿಯ ಸಂತೆಯಲ್ಲಿ ಅರ್ಧ ಗಳಿಗೆ ನಿಂತು ನೋಡಿದವನಿಗೆ ವ್ಯಾಪಾರದ ಮರ್ಮವನ್ನು ಬೇರೊಬ್ಬ ಗುರುವಿನಿಂದ ಕಲಿಯಬೇಕಾದ ಅಗತ್ಯವಿಲ್ಲ. ಸೊಪ್ಪಿನವಳು ಕಟ್ಟು ಬಿಚ್ಚಿ ತೋರಿಸುತ್ತಾಳೆ. ಹಣ್ಣಿನವನು ಒಂದು ಹೋಳು ಕೊಯ್ದು ಕೈಗಿಡುತ್ತಾನೆ. ಮುಂದಿನ ವಾರವೂ ಅದೇ ಜಾಗದಲ್ಲಿ ಕೂರಬೇಕಾದುದರಿಂದ ಇಬ್ಬರೂ ಸುಳ್ಳಾಡಲು ಅಂಜುತ್ತಾರೆ. ವಸ್ತುವನ್ನು ಕಣ್ಣೆದುರಿಗಿಡುವುದು, ರುಚಿ ತೋರಿಸುವುದು, ಆಡಿದ ಮಾತಿಗೆ ತಾನೇ ಹೊಣೆಯಾಗುವುದು: ಜಾಹೀರಾತಿನ ಹಳೆಯ ಧರ್ಮವೆಂದರೆ ಇಷ್ಟೇ. ಈ ಸಂತೆಯ ಧರ್ಮವನ್ನು ಕನ್ನಡ ಪುಸ್ತಕಕ್ಕೆ ತಂದ ಮಹನೀಯರೊಬ್ಬರನ್ನು ನಾನು ಈಚೆಗೆ ಮೇಲಿಂದ ಮೇಲೆ ನೆನೆಯುತ್ತಿದ್ದೇನೆ. ಅವರೇ ಗಳಗನಾಥರು.

ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ನಿಜನಾಮ. ವರದಾ ನದಿಯು ತುಂಗಭದ್ರೆಯನ್ನು ಸೇರುವೆಡೆಯಲ್ಲಿರುವ, ಇಂದಿನ ಹಾವೇರಿ ಜಿಲ್ಲೆಯ ಗಳಗನಾಥ ಗ್ರಾಮದಲ್ಲಿ 1869ರಲ್ಲಿ ಜನಿಸಿದರು. ಊರಿನ ಹೆಸರೇ ಅವರ ಹೆಸರಾಯಿತು. ಧಾರವಾಡದಲ್ಲಿ ಶಿಕ್ಷಕರ ತರಬೇತಿ ಪಡೆದು ಶಾಲಾಮಾಸ್ತರರಾದರು. ಅವರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ಗೆ ಕರ್ನಾಟಕ ವಿದ್ಯಾವರ್ಧಕ ಸಂಘದ ಬಹುಮಾನ ದೊರೆಯಿತು. ಮುಂದೆ ಅವರು ನೌಕರಿಯನ್ನೇ ತೊರೆದು ಬರವಣಿಗೆಯನ್ನು ನೆಚ್ಚಿದರು.

ಆ ಕಾಲದ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯ ಪ್ರಾಬಲ್ಯ ಬಹಳ. ಓದು ಬಲ್ಲವರು ಅನೇಕರಿದ್ದರೂ ಕನ್ನಡದಲ್ಲಿ ಓದಬಹುದೆಂಬ ನಂಬಿಕೆ ಅವರಿಗಿರಲಿಲ್ಲ. ಸರಕಿಗೆ ಗಿರಾಕಿಯನ್ನು ಹುಡುಕುವುದು ಸಾಮಾನ್ಯ ವ್ಯಾಪಾರ. ಗಳಗನಾಥರು ಮಾಡಬೇಕಾಗಿದ್ದುದು ಗಿರಾಕಿಯನ್ನೇ ಸೃಷ್ಟಿಸುವ ಕೆಲಸ. ಜನ ಯಾವುದನ್ನು ಮೆಚ್ಚಿ ಓದುತ್ತಿದ್ದಾರೆಂಬುದನ್ನು ಅವರು ಮೊದಲು ಅರಿತುಕೊಂಡರು. ಮರಾಠಿಯಲ್ಲಿ ಜನಪ್ರಿಯರಾಗಿದ್ದ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಆ ರುಚಿ ಹತ್ತಿದ ವಾಚಕರಿಗೆ, ಕ್ರಮೇಣ, ವಿಜಯನಗರದ ಉದಯದ ಕಥೆಯಾದ ‘ಮಾಧವ ಕರುಣಾ ವಿಲಾಸ’ದಂಥ ತಮ್ಮದೇ ನೆಲದ ಕಥೆಯನ್ನು ಕೊಟ್ಟರು. ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಮೂಲಕ ಕಥೆಯು ಕಂತುಕಂತಾಗಿ ಮನೆಬಾಗಿಲಿಗೆ ಬಂದಿತು. ಒಮ್ಮೆಗೇ ದೊಡ್ಡ ಪುಸ್ತಕ ಕೊಳ್ಳಲಾರದವನೂ ಚಂದಾದಾರನಾದನು. ಮುಂದೇನಾಯಿತೆಂದು ಮುಂದಿನ ಸಂಚಿಕೆಯ ದಾರಿ ಕಾದನು.

ಇಷ್ಟಕ್ಕೇ ಅವರು ನಿಲ್ಲಲಿಲ್ಲ. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರಿಂದೂರಿಗೆ ನಡೆದರು. ಗ್ರಂಥಕರ್ತನೇ ಬಾಗಿಲಲ್ಲಿ ನಿಂತಿರುವಾಗ ಬೇರೆ ಜಾಹೀರಾತು ಏತಕ್ಕೆ? ಬಳೆಗಾರನು ಬಳೆ ತೊಡಿಸಿದಷ್ಟೇ ಸಹಜವಾಗಿ ಅವರು ಓದನ್ನು ಮನೆಗಳಿಗೆ ಮುಟ್ಟಿಸಿದರು. ಈ ದುಡಿಮೆಯಿಂದ ಅವರಿಗೆ ಸಿರಿ ಬರಲಿಲ್ಲ. ಬಡತನದಲ್ಲಿಯೇ 1942ರಲ್ಲಿ ತೀರಿಕೊಂಡರು. ಅವರ ಲಾಭವೆಲ್ಲ ಕನ್ನಡದ ಲೆಕ್ಕಕ್ಕೆ ಜಮೆಯಾಯಿತು.

ಇಂದಿನ ಮಾರಾಟಶಾಸ್ತ್ರವು ಅಂಗೈಯಗಲದ ಫೋನಿನ ಪರದೆಯ ಮೇಲೆ ನಡೆಯುತ್ತದೆ. ಪುಸ್ತಕದ ಮೊದಲ ಅಧ್ಯಾಯವನ್ನು ಬಿಟ್ಟಿಯಾಗಿ ಓದಗೊಡುವುದು, ತಿಂಗಳ ಚಂದಾ ಕಟ್ಟಿಸಿಕೊಳ್ಳುವುದು, ಗ್ರಾಹಕನ ಅಭಿರುಚಿಯನ್ನು ಅಳೆಯುವುದು ಹೊಸ ಶೋಧಗಳೆಂದು ಕೆಲವರು ಭಾವಿಸುತ್ತಾರೆ. ಇವಾವುವೂ ಗಳಗನಾಥರಿಗೆ ಅಪರಿಚಿತವಲ್ಲ. ಆದರೆ ಅವರಲ್ಲಿದ್ದು ಇಂದು ವಿರಳವಾಗಿರುವುದು ಒಂದೇ: ಮಾರುವವನು ಮುಖ ತೋರಿಸಿ ನಿಲ್ಲುವ ಧೈರ್ಯ. ಗಂಟು ಹೊತ್ತವನ ಪುಸ್ತಕ ಜೊಳ್ಳಾಗಿದ್ದರೆ, ಮರುವರ್ಷ ಆ ಊರಿನ ಬಾಗಿಲು ಅವನಿಗೆ ತೆರೆಯುವುದಿಲ್ಲ. ಸಾಧನ ಯಾವುದಾದರೂ ಆಗಲಿ, ಈ ಭಯವನ್ನು ಉಳಿಸಿಕೊಂಡ ಪ್ರಚಾರವೇ ಬಾಳುವ ಪ್ರಚಾರ.

ಇದನ್ನು ಬರೆಯುವ ನನ್ನ ಮನೆಯ ಅಟ್ಟದಲ್ಲಿಯೂ ಒಂದು ಗಂಟಿದೆ. ಕೆಲವು ವರ್ಷಗಳ ಹಿಂದೆ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದ ವಿಮರ್ಶಾಗ್ರಂಥದ ಪ್ರತಿಗಳು ಅವು. ಕನ್ನಡಕ್ಕೆ ಓದುಗರಿಲ್ಲವೆಂದು ತರಗತಿಯಲ್ಲಿ ಎಷ್ಟೋ ಸಲ ನಿಟ್ಟುಸಿರು ಬಿಟ್ಟಿದ್ದೇನೆ. ಒಬ್ಬನೇ ಒಬ್ಬ ಓದುಗನ ಬಾಗಿಲಿಗೆ ಹೋದವನಲ್ಲ. ಅಧ್ಯಾಪಕನಿಗೆ ಅದು ಗೌರವವಲ್ಲವೆಂದುಕೊಂಡಿದ್ದೆ. ಗಳಗನಾಥರೂ ಅಧ್ಯಾಪಕರಾಗಿದ್ದರು. ಮೊನ್ನೆ ಅಟ್ಟವೇರಿ ಆ ಗಂಟನ್ನು ಕೆಳಗಿಳಿಸಿದೆ. ಧೂಳು ಒರೆಸಿ ಎತ್ತಿ ನೋಡಿದರೆ, ಅದು ನಾನೆಣಿಸಿದಷ್ಟು ಭಾರವಿರಲಿಲ್ಲ.