ಆಲ್ಫ್ರೆಡ್ ಬ್ಯೂಖಿ

ದೆಹಲಿಯ ಚಾಣಕ್ಯಪುರಿಯ ರೈಲು ವಸ್ತುಸಂಗ್ರಹಾಲಯದಲ್ಲಿ ಡೀಸೆಲ್ ಎಂಜಿನುಗಳನ್ನು ಕಂಡು ಬೆರಗಾಗುವ ನಾವು, ಅಂತಹ ಯಂತ್ರಗಳಿಗೆ ಬಲವಿತ್ತ ಬ್ಯೂಖಿಯನ್ನು ನೆನೆಯುವುದು ವಿರಳ.

ಆತನು 1879ರಲ್ಲಿ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರಿನಲ್ಲಿ ಜನಿಸಿದನು. ಜ್ಯೂರಿಕ್ಕಿನಲ್ಲಿ ಯಂತ್ರವಿದ್ಯೆಯನ್ನು ಕಲಿತನು. ಎಂಜಿನು ಹೊರಚೆಲ್ಲುವ ಬಿಸಿಹೊಗೆಯಲ್ಲಿ ಶಕ್ತಿಯು ವ್ಯರ್ಥವಾಗುತ್ತಿದ್ದಿತು. ಆ ಹೊಗೆಯಿಂದಲೇ ಚಕ್ರವೊಂದನ್ನು ತಿರುಗಿಸಿ, ಅದರ ಬಲದಿಂದ ಸಿಲಿಂಡರಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಉಪಾಯಕ್ಕೆ 1905ರಲ್ಲಿ, ಇಪ್ಪತ್ತಾರರ ಹರೆಯದಲ್ಲಿ, ಪೇಟೆಂಟು ಪಡೆದನು. ನಮ್ಮ ಕಮ್ಮಾರನ ತಿದಿಯ ಕೆಲಸವೂ ಇದೇ ಅಲ್ಲವೆ!

ಆದರೆ 1915ರಲ್ಲಿ ಸುಲ್ಜರ್ ಕಾರ್ಖಾನೆಯಲ್ಲಿ ಕಟ್ಟಿದ ಮಾದರಿ ಸೋತಿತು. ಗಾಳಿಯ ಒತ್ತಡ ನಿಲ್ಲಲಿಲ್ಲ. ಒತ್ತಡ ಕುಸಿದರೆ ಡೀಸೆಲ್ ಪೂರ್ಣವಾಗಿ ಉರಿಯದು, ಕರಿಹೊಗೆ ಏಳುವುದು, ಬಲ ಉಡುಗುವುದು. ಇಂದಿಗೂ ಇಂತಹ ಕಾರು ಏರಿನಲ್ಲಿ ಸೊರಗಿದರೆ ಮೆಕ್ಯಾನಿಕನು ಮೊದಲು ಹುಡುಕುವುದು ರಬ್ಬರು ಕೊಳವೆಯ ಬಿರುಕನ್ನು, ಸಡಿಲಗೊಂಡ ಪಟ್ಟಿಯನ್ನು, ಧೂಳು ಕಟ್ಟಿದ ಗಾಳಿಯ ಫಿಲ್ಟರನ್ನು. ಬ್ಯೂಖಿಯ ತೊಡಕು ಅಷ್ಟು ಸುಲಭವಾಗಿರಲಿಲ್ಲ. ಮತ್ತೆ ಹತ್ತು ವರ್ಷ ದುಡಿದು, ಒಂದು ಸಿಲಿಂಡರಿನ ಹೊಗೆಯು ಇನ್ನೊಂದರದಕ್ಕೆ ಅಡ್ಡಬಾರದಂತೆ ಕೊಳವೆಗಳನ್ನು ಬೇರ್ಪಡಿಸುವ ಕ್ರಮವನ್ನು 1925ರಲ್ಲಿ ಕಂಡುಕೊಂಡನು. ಜರ್ಮನಿಯ ಎರಡು ಪ್ರಯಾಣಿಕ ಹಡಗುಗಳಲ್ಲಿ 1750 ಅಶ್ವಶಕ್ತಿಯ ಎಂಜಿನುಗಳು ಈತನ ಯಂತ್ರದಿಂದ 2500ಕ್ಕೆ ಏರಿದವು.

ಬ್ಯೂಖಿ 1959ರಲ್ಲಿ ತೀರಿಕೊಂಡನು. ಮೂರು ವರ್ಷಗಳ ತರುವಾಯ, 1962ರಲ್ಲಿ, ಟರ್ಬೊ ಹೊತ್ತ 2600 ಅಶ್ವಶಕ್ತಿಯ ಡೀಸೆಲ್ ಎಂಜಿನುಗಳು ನಮ್ಮ ನಾಡಿನ ಹಳಿಗಳಿಗೆ ಇಳಿದವು.