ರಮಾಬಾಯಿ ಅವರ ಊಟದ ತಟ್ಟೆ

ಹೋದ ವಾರ ಒಬ್ಬ ತಮ್ಮ ನನ್ನ ಹತ್ರ ಬಂದಿದ್ದ. ಕನ್ವರ್ಟ್ ಆಗೋಕೆ ಎಷ್ಟು ಕೊಟ್ರು ಅಂತ ಆಫೀಸಲ್ಲಿ ಎಲ್ಲರ ಮುಂದೆ ಕೇಳಿದ್ರಂತೆ. ಏನೂ ಕೊಟ್ಟಿಲ್ಲ ಅಂದನಂತೆ, ಎಲ್ಲರೂ ನಕ್ಕರಂತೆ. ಇಂಥದ್ದಕ್ಕೆ ನಾನೂ ಒಮ್ಮೆ ಜಗಳಕ್ಕೇ ನಿಂತವನು. ಕೊಟ್ರು ಅಂದ್ರೂ, ಕೊಟ್ಟಿಲ್ಲ ಅಂದ್ರೂ, ನಂಬಿಕೆ ಒಂದು ವ್ಯಾಪಾರ ಅಂತ ಒಪ್ಪಿಕೊಂಡ ಹಾಗೇ ಆಯ್ತಲ್ಲ. ಕೈಸರನ ತೆರಿಗೆ ಬಗ್ಗೆ ಕೇಳಿದವರಿಗೆ ಕರ್ತನು ಹೌದು, ಅಲ್ಲ ಅನ್ನದೆ ಮೊದಲು ನಾಣ್ಯ ತೋರಿಸಿ ಅಂದದ್ದು ಸುಮ್ಮನೆ ಅಲ್ಲ.

ಪಂಡಿತಾ ರಮಾಬಾಯಿ ಅಂದ್ರೆ ನಮಗೆ 1905ರ ಮುಕ್ತಿ ಮಿಷನ್ ಉಜ್ಜೀವನ ನೆನಪಾಗುತ್ತೆ. ನಾನು ಹೇಳೋದು ಅದಕ್ಕೂ 20 ವರ್ಷ ಹಿಂದಿನದು. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಲ್ಲಿ ಹುಟ್ಟಿದವರು. ಸಂಸ್ಕೃತ ಕಲಿಸಿದ್ದು ತಾಯಿ. ಬರಗಾಲದಲ್ಲಿ ತಂದೆತಾಯಿ ತೀರಿಕೊಂಡರು. ಬೇರೆ ಜಾತಿಯವರನ್ನು ಮದುವೆಯಾದರು, ಎರಡು ವರ್ಷದೊಳಗೇ ವಿಧವೆ. 1883ರಲ್ಲಿ ಪುಟ್ಟ ಮಗಳು ಮನೋರಮಾಳನ್ನು ಕರಕೊಂಡು ಇಂಗ್ಲೆಂಡಿಗೆ ಹೋದರು, ಅಲ್ಲೇ ದೀಕ್ಷಾಸ್ನಾನ ತಗೊಂಡರು.

ಅವರು ಮಾಂಸ ತಿನ್ನುತ್ತಿರಲಿಲ್ಲ. ಅವರನ್ನು ತಾಯಿಯಂತೆ ನೋಡಿಕೊಂಡ ಸಿಸ್ಟರ್ ಜೆರಾಲ್ಡೀನ್‌ಗೆ ಇದು ಜಾತಿಯ ಗರ್ವವಾಗಿ ಕಂಡಿತು. ಇನ್ನೂ ಯಾಕೆ ಬಿಟ್ಟಿಲ್ಲ ಅನ್ನೋ ಪ್ರಶ್ನೆ. ನೋಡಿ, ಜಾತಿ ಮೀರಿ ಮದುವೆಯಾದವರಿಗೆ ಈ ಮಾತು! ರಮಾಬಾಯಿ ಅಳಲಿಲ್ಲ, ತಟ್ಟೆಗೆ ಮಾಂಸವನ್ನೂ ಹಾಕಿಕೊಳ್ಳಲಿಲ್ಲ. ಪತ್ರ ಬರೆದರು. ಬೇಕಿದ್ರೆ ನನ್ನ ಅನ್ನ, ಹಾಲು, ನೀರಿನಲ್ಲೂ ಗರ್ವ ಹುಡುಕಿಕೊಳ್ಳಿ ಅಂತ ಸ್ವಲ್ಪ ನಗುತ್ತಲೇ ಹೇಳಿ, ಒಬ್ಬ ಇಂಗ್ಲಿಷ್ ಹೆಂಗಸು ಭಾರತಕ್ಕೆ ಬಂದು ತನ್ನ ಊಟದ ಪದ್ಧತಿ ಬಿಡದಿದ್ರೆ ಅವಳನ್ನೂ ಗರ್ವಿಷ್ಠೆ ಅನ್ನಬಹುದಾ ಅಂತ ತಿರುಗಿ ಕೇಳಿದರು. ಕ್ರೈಸ್ತರಾಗೋದು ಅಂದ್ರೆ ಇಂಗ್ಲಿಷರಾಗೋದು ಅನ್ನೋ ಊಹೆ ಅಲ್ಲಿಗೇ ಬಯಲಾಯ್ತು.

ಗಂಡಸರಿಗೆ ಪಾಠ ಮಾಡಿದ್ರೆ ಭಾರತದವರು ಏನಂದಾರು ಅಂತ ಬಿಷಪ್ಪರು ತಡೆದಾಗಲೂ ಹಾಗೇ. ಭಾರತದಲ್ಲಿ ಗಂಡಸರ ಸಭೆಗಳಲ್ಲೇ ಮಾತಾಡಿ ಬಂದವಳು ನಾನು ಅಂದರು.

ಎಲ್ಲ ಸಲ ಗೆದ್ದರು ಅಂತ ನಾನು ಹೇಳಲ್ಲ. ಪುಣೆಯ ಶಾರದಾ ಸದನದಲ್ಲಿ ಹುಡುಗಿಯರಿಗೆ ಅವರವರ ಧರ್ಮದ ಸ್ವಾತಂತ್ರ್ಯ ಇತ್ತು. ಆದ್ರೆ ರಮಾಬಾಯಿ ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದರು, ಕೆಲವು ಹುಡುಗಿಯರು ತಾವಾಗಿಯೇ ಬಂದು ಕೂರುತ್ತಿದ್ದರು. ಯಾಕೆ ಬಲೆ ಬೀಸ್ತೀರಿ ಅನ್ನೋ ಕೂಗೆದ್ದಿತು. ಪ್ರಾರ್ಥನೆಯನ್ನು ಬಚ್ಚಿಡ್ತೀನಿ ಅಂತ ಅವರು ಯಾರಿಗೂ ಮಾತು ಕೊಟ್ಟಿರಲಿಲ್ಲ. 1893ರಲ್ಲಿ ರಾನಡೆ, ಭಂಡಾರ್ಕರ್ ಅಂಥ ದೊಡ್ಡವರಿದ್ದ ಸಲಹಾ ಸಮಿತಿಯೇ ಬಿಟ್ಟು ಹೋಯ್ತು. ಬಾಗಿಲು ಮಾತ್ರ ಮುಚ್ಚಲಿಲ್ಲ.

ಎಲ್ಲರೂ ಎದ್ದು ನಿಲ್ಲೋಣ. ನಾಳೆ ಸೋಮವಾರ, ಆ ತಮ್ಮ ಮತ್ತೆ ಅದೇ ಆಫೀಸಿಗೆ ಹೋಗಬೇಕು. ಅವನಿಗಾಗಿ ಪ್ರಾರ್ಥಿಸೋಣ.