ತಾನಾಗಿ ತೆರೆಯುವ ಬಾಗಿಲು

ನಮ್ಮ ಹಡಪಸರದ ಮೂಲಕ ಹರಿಯುವ ಮುಠಾ ಬಲದಂಡೆ ಕಾಲುವೆಯನ್ನು ನೀವೆಲ್ಲರೂ ನೋಡಿರುವಿರಿ. ಅದರ ನೀರು ಖಡಕವಾಸಲಾ ಜಲಾಶಯದಿಂದ ಬರುವುದು. ಆ ಜಲಾಶಯದ ಇತಿಹಾಸದಲ್ಲಿ ಒಬ್ಬ ಕನ್ನಡಿಗರ ಹೆಸರು ಅಚ್ಚಳಿಯದೆ ನಿಂತಿದೆ. ಅವರೇ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಬಾಲ್ಯದಲ್ಲಿಯೇ ಪಿತೃವಿಯೋಗವಾಯಿತು. ಬೆಂಗಳೂರಿನಲ್ಲಿ ಪರರ ಮಕ್ಕಳಿಗೆ ಪಾಠ ಹೇಳಿ, ಅದರಿಂದ ಬಂದ ಹಣದಿಂದ ತಮ್ಮ ವಿದ್ಯಾಭ್ಯಾಸವನ್ನು ನಡೆಸಿದರು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಇದೇ ಪುಣೆಯ ವಿಜ್ಞಾನ ಕಾಲೇಜಿಗೆ ಬಂದು, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮರಾಗಿ ತೇರ್ಗಡೆ ಹೊಂದಿದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಊರು ಬಿಟ್ಟು ಬಂದ ತರುಣನಿಗೆ ಪುಣೆಯೇ ಕರ್ಮಭೂಮಿಯಾಯಿತು.

ಆ ಕಾಲದಲ್ಲಿ ಖಡಕವಾಸಲಾ ಜಲಾಶಯಕ್ಕೆ ಒಂದು ವಿಚಿತ್ರ ತೊಂದರೆಯಿತ್ತು. ಮಳೆಗಾಲದಲ್ಲಿ ನೀರು ಕೋಡಿಯ ಮೇಲೆ ಆಳೆತ್ತರವಾಗಿ ಹರಿದು ವ್ಯರ್ಥವಾಗುತ್ತಿದ್ದಿತು. ಬೇಸಗೆಯಲ್ಲಿಯಾದರೋ ನಗರಕ್ಕೂ ಹೊಲಗದ್ದೆಗಳಿಗೂ ನೀರು ಸಾಲದಾಗುತ್ತಿದ್ದಿತು. ಕೋಡಿಯ ಗೋಡೆಯನ್ನೇ ಎತ್ತರಿಸಿಬಿಟ್ಟರೆ ಮಹಾಪೂರದ ಭಾರವನ್ನು ಅಣೆಕಟ್ಟು ತಾಳಬೇಕಲ್ಲವೆ? ಬಾಗಿಲುಗಳನ್ನಿಟ್ಟರೆ, ಬಿರುಮಳೆಯ ನಡುರಾತ್ರಿಯಲ್ಲಿ ಅವುಗಳನ್ನು ತೆರೆಯುವವರು ಯಾರು?

ಇದಕ್ಕೆ ವಿಶ್ವೇಶ್ವರಯ್ಯನವರು ಕಂಡ ಉಪಾಯವು ಸರಳವೂ ಸೋಜಿಗವೂ ಆದುದು. ಬಾಗಿಲುಗಳಿಗೆ ಸರಿತೂಗುವಂತೆ ಒಂದು ಭಾರವನ್ನು ತೊಟ್ಟಿಯೊಳಗೆ ತೂಗಬಿಟ್ಟರು. ಜಲಾಶಯದ ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ಕೊಳವೆಯ ಮೂಲಕ ಆ ತೊಟ್ಟಿಯನ್ನು ಹೊಗುವುದು. ನೀರಿನಲ್ಲಿ ಮುಳುಗಿದ ವಸ್ತುವು ಹಗುರವಾಗುವುದೆಂದು ನೀವು ವಿಜ್ಞಾನ ಪಾಠದಲ್ಲಿ ಓದಿದ್ದೀರಿ. ಹಾಗೆ ಭಾರವು ಹಗುರಾದೊಡನೆ ಸಮತೋಲ ತಪ್ಪಿ ಬಾಗಿಲುಗಳು ತಾವಾಗಿ ತೆರೆಯುವುವು. ಪೂರ ಇಳಿದಾಗ ತೊಟ್ಟಿಯ ನೀರು ಬಸಿದುಹೋಗಿ ಭಾರವು ಮೊದಲಿನ ತೂಕ ಪಡೆಯಲು, ಬಾಗಿಲುಗಳು ಮುಚ್ಚಿಕೊಳ್ಳುವುವು. 1903ರಲ್ಲಿ ಈ ಬಾಗಿಲುಗಳು ಖಡಕವಾಸಲಾದಲ್ಲಿ ಸ್ಥಾಪಿತವಾದುವು. ಅಣೆಕಟ್ಟನ್ನು ಎತ್ತರಿಸದೆಯೇ ಕೋಡಿಯ ಮೇಲೆ ಸುಮಾರು 8 ಅಡಿ ನೀರನ್ನು ಹೆಚ್ಚಾಗಿ ಹಿಡಿದಿಡುವುದು ಸಾಧ್ಯವಾಯಿತು. ಮುಂದೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟಿನಲ್ಲಿಯೂ ನಮ್ಮ ಕೃಷ್ಣರಾಜಸಾಗರದಲ್ಲಿಯೂ ಇದೇ ಬಗೆಯ ಬಾಗಿಲುಗಳನ್ನು ಇಡಲಾಯಿತು. ಈ ಯುಕ್ತಿಗೆ ಅವರು ಪೇಟೆಂಟ್ ಪಡೆದರು. ಆದರೆ ಸರ್ಕಾರದ ನೌಕರನಾಗಿ ಮಾಡಿದ ಕೆಲಸವೆಂದು ಗೌರವಧನವನ್ನು ಸ್ವೀಕರಿಸಲಿಲ್ಲ.

ಅವರ ಬುದ್ಧಿಯು ಕಬ್ಬಿಣದ ಬಾಗಿಲಿಗಷ್ಟೇ ನಿಲ್ಲಲಿಲ್ಲ. ದಖ್ಖಣದ ಕಾಲುವೆಗಳ ನೀರು ಕೆಲವೇ ಜನರ ಪಾಲಾಗದೆ ಹಲವು ಗ್ರಾಮಗಳಿಗೆ ಹಂಚಿಕೆಯಾಗುವಂತೆ, ಹೊಲಗಳನ್ನು ವಿಭಾಗಗಳಾಗಿ ಗುರುತಿಸಿ, ಬೆಳೆಗಳನ್ನು ಸರದಿಯಿಂದ ಬೆಳೆಯುವ ಬ್ಲಾಕ್ ಪದ್ಧತಿಯನ್ನು ರೂಪಿಸಿದರು. ಬಾಗಿಲು ಯಂತ್ರ, ಸರದಿಯು ನಿಯಮ. ಯಂತ್ರಕ್ಕೆ ನಿಯಮವು ಕೂಡಿದರೇನೇ ನೀರು ತಲುಪಬೇಕಾದಲ್ಲಿಗೆ ತಲುಪುವುದು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗಲೂ ಈ ಶಿಸ್ತೇ ಅವರ ಆಡಳಿತದ ಜೀವಾಳವಾಗಿದ್ದಿತು. 1955ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ದೊರೆಯಿತು.

ಮಕ್ಕಳೇ, ಇಂದು ಮಗರಪಟ್ಟಾದ ಎತ್ತರದ ಕಟ್ಟಡಗಳಲ್ಲಿ ನಿಮ್ಮ ಅಣ್ಣಂದಿರೂ ಅಕ್ಕಂದಿರೂ ತಂತ್ರಾಂಶಗಳನ್ನು ಬರೆಯುತ್ತಾರೆ. ಮನುಷ್ಯರು ಬಂದರೆ ದೀಪ ಹತ್ತುವಂತೆ, ತೊಟ್ಟಿ ತುಂಬಿದರೆ ಪಂಪು ನಿಲ್ಲುವಂತೆ ಮಾಡುವ ತಂತ್ರಾಂಶಗಳೂ ಉಂಟು. ಅಲ್ಲಿಯೂ ಮೂರೇ ಅಂಗಗಳು: ಸ್ಥಿತಿಯನ್ನು ಅರಿಯುವ ಸಂವೇದಕ, ನಿರ್ಣಯಿಸುವ ನಿಯಮ, ಕೆಲಸ ಮಾಡುವ ಯಂತ್ರ. ಖಡಕವಾಸಲಾದಲ್ಲಿ ಕೊಳವೆಯ ಬಾಯಿ ಅರಿಯುತ್ತಿದ್ದಿತು, ತೂಗುವ ಭಾರ ನಿರ್ಣಯಿಸುತ್ತಿದ್ದಿತು, ಬಾಗಿಲು ನಡೆಸುತ್ತಿದ್ದಿತು. ವಿದ್ಯುತ್ತಾಗಲಿ ಗಣಕಯಂತ್ರವಾಗಲಿ ಅಲ್ಲಿ ಬೇಕಾಗಿರಲಿಲ್ಲ.

ಆದರೆ ಕತೆಯು ಇಲ್ಲಿಗೇ ಮುಗಿಯಲಿಲ್ಲ. 1961ರ ಜುಲೈ 12ರಂದು ಮೇಲ್ಗಡೆಯ ಪಾನಶೇತ ಅಣೆಕಟ್ಟು, ಕೆಲಸ ಇನ್ನೂ ಪೂರ್ತಿಯಾಗದಿರುವಾಗಲೇ ಒಡೆಯಿತು. ಆ ಜಲರಾಶಿಯು ನುಗ್ಗಿ ಬರಲು ಖಡಕವಾಸಲಾ ಅಣೆಕಟ್ಟೂ ಅಂದೇ ಒಡೆದು, ಪುಣೆಯ ನದೀತೀರದ ಪೇಟೆಗಳು ಮುಳುಗಿದುವು. ಅನೇಕರು ಪ್ರಾಣ ಕಳೆದುಕೊಂಡರು. ಇದು ಬಾಗಿಲುಗಳ ದೋಷವಲ್ಲ. ಅವು ನದಿಯ ಪೂರವನ್ನು ಬಲ್ಲುವು. ಅಣೆಕಟ್ಟೊಂದು ಒಡೆದು ಬರುವ ಪ್ರಳಯವನ್ನು ಅರಿಯವು. ತಾನಾಗಿ ನಡೆಯುವ ಯಂತ್ರವು ತನಗೆ ಕಲಿಸಿದಷ್ಟನ್ನೇ ಬಲ್ಲುದು. ಮೇಲ್ಗಡೆ ಏನಾಗುತ್ತಿದೆ ಎಂದು ನೋಡುವ ಕಣ್ಣು ಮನುಷ್ಯನದೇ. ಯಂತ್ರವನ್ನಾಗಲಿ ತಂತ್ರಾಂಶವನ್ನಾಗಲಿ ಸ್ಥಾಪಿಸಿದರೆ ಸಾಲದು. ಪರೀಕ್ಷಿಸಬೇಕು, ಕಾಯಬೇಕು, ಕಾಲ ಬದಲಾದಂತೆ ತಿದ್ದಬೇಕು.

ಆ ದುರಂತದ ಮರುವರ್ಷ, 1962ರ ಏಪ್ರಿಲಿನಲ್ಲಿ, ನೂರು ವರ್ಷಗಳನ್ನು ದಾಟಿದ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಕಾಲವಶರಾದರು. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶವು ಎಂಜಿನಿಯರುಗಳ ದಿನವೆಂದು ಆಚರಿಸುತ್ತದೆ. ಖಡಕವಾಸಲಾ ಅಣೆಕಟ್ಟು ಮತ್ತೆ ಕಟ್ಟಲ್ಪಟ್ಟು ನಗರಕ್ಕೆ ನೀರುಣಿಸುತ್ತಿದೆ. ಮುಂದೆ ನಿಮ್ಮಲ್ಲಿ ಯಾರಾದರೂ ತಾನಾಗಿ ನಡೆಯುವ ಯಂತ್ರವನ್ನು ಕಟ್ಟುವಿರಾದರೆ, ಅದನ್ನು ನಂಬಿ ನದಿಯ ದಡದಲ್ಲಿ ಮಲಗಿರುವವರನ್ನು ಮೊದಲು ನೆನೆಯಿರಿ.